ಬೌಂಟಿ ಬೇರೆ, ಆನರ್ ಬೇರೆ: ಸೇಂಟ್ ಡೆನಿಸ್‌ನಲ್ಲಿ ಸಿಕ್ಕಿಬಿದ್ದ ಆಟಗಾರನಿಗೆ ಉತ್ತರ

ಪ್ರಶ್ನೆ: ಸರ್, ನಾನು ಹಾಸನದವನು, ವಯಸ್ಸು 26. ಕೆಲಸ ಮುಗಿಸಿ ಬಂದು ರಾತ್ರಿ ಒಂದೆರಡು ಗಂಟೆ ಪಿಎಸ್4 ಗೇಮ್ ಕನ್ಸೋಲ್‌ನಲ್ಲಿ ರೆಡ್ ಡೆಡ್ ರಿಡೆಂಪ್ಷನ್ 2 ಅನ್ನೋ ಕೌಬಾಯ್ ಆಟ ಆಡ್ತೀನಿ. ಈಗ ನಾಲ್ಕನೇ ಅಧ್ಯಾಯದಲ್ಲಿದ್ದೀನಿ. ಅದರ ನಾಯಕ, ದರೋಡೆಕೋರ ಆರ್ಥರ್‌ನನ್ನು ಒಳ್ಳೆಯವನಾಗಿಯೇ ಆಡಿಸಬೇಕು ಅಂತ ಆಸೆ. ಆದರೆ ಸೇಂಟ್ ಡೆನಿಸ್ ಊರೊಳಗೆ ಹೋದಾಗಲೆಲ್ಲ ಏನಾದರೂ ಎಡವಟ್ಟಾಗುತ್ತೆ. ಮೊನ್ನೆ ಕುದುರೆ ಹತ್ತೋಕೆ ಹೋಗಿ ಪಕ್ಕದಲ್ಲಿ ನಿಂತಿದ್ದವನನ್ನು ಹಿಡಿದುಬಿಟ್ಟೆ. ಅವನು ಕೂಗಿಕೊಂಡ, ಪೊಲೀಸರು ಬಂದರು, ನಾನು ಓಡಿದೆ. ಅವರು ಗುಂಡು ಹಾರಿಸಿದರು, ನಾನೂ ಹಾರಿಸಿದೆ. ಈಗ ಆ ಊರಿರೋ ಲೆಮೊಯ್ನ್ ರಾಜ್ಯದಲ್ಲಿ ನನ್ನ ತಲೆ ಮೇಲೆ ದೊಡ್ಡ ಬೌಂಟಿ, ಅಂದರೆ ಬಹುಮಾನದ ಹಣ ಇದೆ. ನಮ್ಮ ಗ್ಯಾಂಗಿನ ಕ್ಯಾಂಪ್‌ನಿಂದ ಹೊರಗೆ ಬಂದರೆ ಸಾಕು, ಆ ಹಣಕ್ಕಾಗಿ ಹಿಡಿಯೋಕೆ ಬರೋ ಬೌಂಟಿ ಹಂಟರ್‌ಗಳು ಹಿಂದೆ ಬೀಳ್ತಾರೆ. ನೋಡಿದವರನ್ನೆಲ್ಲ ಮುಗಿಸಿಬಿಡು ಅಂತ ಒಬ್ಬ ಫ್ರೆಂಡ್ ಹೇಳ್ತಾನೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಏನೂ ಆಗಲ್ಲ ಅಂತ ಇನ್ನೊಬ್ಬ. ಸ್ವಲ್ಪ ದಿನ ಕಾದರೆ ತಾನೇ ಹೋಗುತ್ತೆ ಅಂತ ಮತ್ತೊಬ್ಬ. ಯಾವುದು ನಿಜ? ಬ್ಲ್ಯಾಕ್‌ವಾಟರ್ ಊರಿನ ಕಡೆ ಹೋದರೆ ಎರಡು ನಿಮಿಷದಲ್ಲಿ ಸಾಯ್ತೀನಿ, ಅದೂ ಇದರಿಂದಲೇನಾ? ನನ್ನ ಕಥೆಯ ಕೊನೆ ಹಾಳಾಯ್ತಾ? ಮೊದಲಿನಿಂದ ಶುರು ಮಾಡಬೇಕಾ?

ಉತ್ತರ: ಮೊದಲಿನಿಂದ ಶುರು ಮಾಡಬೇಡಿ. ನಿಮ್ಮ ಕಥೆ ಹಾಳಾಗಿಲ್ಲ. ನೀವು ಈಗ ಇರುವ ಜಾಗದಿಂದಲೇ ಎಲ್ಲವನ್ನೂ ಸರಿ ಮಾಡಿಕೊಳ್ಳಬಹುದು. ಅದಕ್ಕೆ ಒಂದು ಸಂಜೆಯ ಆಟ ಸಾಕು.

ನಾನು ಬೆಂಗಳೂರಿನಲ್ಲಿ ಗೇಮ್ ಡಿಸೈನರ್ ಆಗಿ ಕೆಲಸ ಮಾಡುತ್ತೇನೆ. ಆಟದೊಳಗಿನ ಜನ ಏನನ್ನು ನೋಡಬೇಕು, ಎಷ್ಟು ದೂರದ ಸದ್ದು ಕೇಳಿಸಿಕೊಳ್ಳಬೇಕು, ಕಾವಲಿನವರು ಯಾವಾಗ ಬೆನ್ನಟ್ಟಬೇಕು, ಯಾವಾಗ ಕೈಬಿಡಬೇಕು ಅನ್ನುವುದನ್ನೆಲ್ಲ ರೂಪಿಸುವುದೇ ನನ್ನ ಕೆಲಸ. ಈ ಆಟ ಮಾಡಿದ ತಂಡದಲ್ಲಿ ನಾನಿರಲಿಲ್ಲ. ಆದರೆ ಇಂಥ ವ್ಯವಸ್ಥೆಗಳು ಒಳಗೆ ಹೇಗೆ ನಡೆಯುತ್ತವೆ ಅನ್ನುವುದು ಚೆನ್ನಾಗಿ ಗೊತ್ತು. ನಿಮ್ಮಂಥ ಗೊಂದಲ ಎಷ್ಟು ಜನಕ್ಕೆ ಇದೆ ಅನ್ನುವುದೂ ಗೊತ್ತು.

ಗೊಂದಲ ಶುರುವಾಗುವುದು ಇಲ್ಲಿಂದ. ನೀವು ಮೂರು ಬೇರೆ ಬೇರೆ ವಿಷಯಗಳನ್ನು ಒಂದೇ ಅಂದುಕೊಂಡಿದ್ದೀರಿ. ಮೊದಲನೆಯದು ವಾಂಟೆಡ್. ಅದು ಈ ಕ್ಷಣದ್ದು. ಮ್ಯಾಪಿನಲ್ಲಿ ಕೆಂಪು ವಲಯ ಕಾಣುತ್ತದೆ, ಪೊಲೀಸರು ಹುಡುಕುತ್ತಿರುತ್ತಾರೆ. ತಪ್ಪಿಸಿಕೊಂಡರೆ ಅದು ಮುಗಿಯಿತು. ಎರಡನೆಯದು ಬೌಂಟಿ. ಅದು ಒಂದು ರಾಜ್ಯಕ್ಕೆ ಸೇರಿದ್ದು. ನೀವು ಹಣ ಕಟ್ಟುವವರೆಗೆ ಅಲ್ಲೇ ಇರುತ್ತದೆ. ಮೂರನೆಯದು ಆನರ್. ಅದು ಪೊಲೀಸರಿಗೆ ಸಂಬಂಧಪಟ್ಟಿದ್ದಲ್ಲ, ಆರ್ಥರ್ ಎಂಥ ಮನುಷ್ಯ ಅನ್ನುವುದರ ಅಳತೆ. ಕಥೆಯ ಕೊನೆ ಬದಲಾಗುವುದರಲ್ಲಿ ಆನರ್‌ಗೆ ಪಾತ್ರವಿದೆ. ಬೌಂಟಿಗೆ ಇಲ್ಲ. ಬೌಂಟಿ ಕಟ್ಟಿದ ಮಾತ್ರಕ್ಕೆ ಆನರ್ ಮೇಲೇರುವುದಿಲ್ಲ. ಆನರ್ ಎಷ್ಟೇ ಮೇಲಿದ್ದರೂ ಬೌಂಟಿ ಮಾಫಿ ಆಗುವುದಿಲ್ಲ.

ಈಗ ನಿಮಗೆ ಆದದ್ದನ್ನೇ ನಿಧಾನವಾಗಿ ನೋಡೋಣ. ಎಡವಟ್ಟು ಎಲ್ಲಿ ದೊಡ್ಡದಾಯಿತು ಅನ್ನುವುದು ಅಲ್ಲೇ ಕಾಣುತ್ತದೆ.

ಈ ಆಟದಲ್ಲಿ ಕುದುರೆ ಹತ್ತುವುದೂ ತ್ರಿಕೋನದ ಬಟನ್, ಎದುರಿನವನನ್ನು ಹಿಡಿದು ಕೆಡವುವುದೂ ತ್ರಿಕೋನದ ಬಟನ್. ಯಾವುದು ಆಗಬೇಕು ಅನ್ನುವುದನ್ನು ಆರ್ಥರ್ ಎಲ್ಲಿ ನಿಂತಿದ್ದಾನೆ, ಯಾವ ಕಡೆ ಮುಖ ಮಾಡಿದ್ದಾನೆ, ಓಡುತ್ತಿದ್ದಾನಾ ಅನ್ನುವುದರ ಮೇಲೆ ಆಟ ತೀರ್ಮಾನಿಸುತ್ತದೆ. ಸೇಂಟ್ ಡೆನಿಸ್‌ನಂಥ ಕಿಕ್ಕಿರಿದ ಊರಿನಲ್ಲಿ ಕುದುರೆ ಕಡೆಗೆ ಓಡುತ್ತಾ ಒತ್ತಿದರೆ, ಕುದುರೆಗಿಂತ ಒಂದು ಹೆಜ್ಜೆ ಹತ್ತಿರ ಇರುವ ಮನುಷ್ಯನೇ ಸಿಕ್ಕಿಬಿಡುತ್ತಾನೆ. ಒಂದೇ ಬಟನ್‌ಗೆ ಎರಡು ಕೆಲಸ ಕೊಟ್ಟಾಗ ಹೀಗಾಗುತ್ತದೆ. ಇದನ್ನು ನಿಮ್ಮ ತಪ್ಪು ಅಂತ ನಾನು ಹೇಳುವುದಿಲ್ಲ. ಇನ್ನೊಂದು ಬಟನ್ ಕೂಡ ಹೀಗೇ ಇದೆ. ಎಲ್2 ಒತ್ತಿದರೆ ಎದುರಿನವರನ್ನು ಮಾತಾಡಿಸಬಹುದು. ಆದರೆ ಕೈಯಲ್ಲಿ ಬಂದೂಕು ಇದ್ದರೆ ಅದೇ ಎಲ್2 ಅವರ ಕಡೆಗೆ ಗುರಿ ಇಡುತ್ತದೆ. ನಮಸ್ಕಾರ ಹೇಳಲು ಹೋದವನು ಬಂದೂಕು ತೋರಿಸಿದ ಹಾಗಾಗುತ್ತದೆ.

ಸರಿ, ಹಿಡಿದದ್ದಾಯಿತು. ಆ ಕ್ಷಣದಲ್ಲಿ ನಿಮ್ಮ ಮೇಲಿದ್ದದ್ದು ಬರಿಗೈಯಲ್ಲಿ ಮಾಡಿದ ಹಲ್ಲೆ ಮಾತ್ರ. ಅಲ್ಲಿಂದ ಪೊಲೀಸರು ಬರುವವರೆಗೆ ಒಂದಿಷ್ಟು ಸಮಯ ಇರುತ್ತದೆ. ನಮ್ಮ ಕೆಲಸದಲ್ಲಿ ಈ ಸಮಯವನ್ನು ಬೇಕಂತಲೇ ಇಡುತ್ತೇವೆ. ನೋಡಿದವನಿಗೆ ಮೊದಲು ಗಾಬರಿ, ಆಮೇಲೆ ಓಟ, ಆಮೇಲೆ ದೂರು. ಅವನು ಪೊಲೀಸರನ್ನು ಮುಟ್ಟುವವರೆಗೆ ಅಪರಾಧ ದಾಖಲಾಗುವುದಿಲ್ಲ. ಮ್ಯಾಪಿನಲ್ಲಿ ಸಣ್ಣ ಕಣ್ಣಿನ ಗುರುತು ಕಾಣುತ್ತದಲ್ಲ, ಅದೇ ಆ ಸಾಕ್ಷಿ. ಆಗ ನೀವು ಏನಾದರೂ ಮಾಡಲಿ ಅಂತಲೇ ಆಟ ಕಾಯುತ್ತಿರುತ್ತದೆ.

ನೀವು ಓಡಿದಿರಿ. ಪೊಲೀಸರ ಎದುರಿನಿಂದ ಓಡಿದ್ದು ಎರಡನೇ ಅಪರಾಧ. ತಿರುಗಿ ಗುಂಡು ಹಾರಿಸಿದ್ದು ಮೂರನೆಯದು. ಪೊಲೀಸನೊಬ್ಬ ಸತ್ತಿದ್ದರೆ ಅದು ಎಲ್ಲಕ್ಕಿಂತ ದೊಡ್ಡದು. ನಿಮ್ಮ ಬೌಂಟಿಯ ಮೊತ್ತವನ್ನು ಬಿಡಿಸಿ ನೋಡಿದರೆ, ಕುದುರೆ ಪಕ್ಕದಲ್ಲಿದ್ದ ಆ ಪಾಪದ ಮನುಷ್ಯನಿಗೆ ಸೇರಿದ ಪಾಲು ತೀರಾ ಸಣ್ಣದು. ಉಳಿದದ್ದೆಲ್ಲ ಗಾಬರಿಯಲ್ಲಿ ಮಾಡಿದ್ದು. ಮೊದಲ ಎಡವಟ್ಟು ಯಾರಿಗಾದರೂ ಆಗುತ್ತದೆ. ಅದಾದ ಮೇಲಿನ ಹತ್ತು ಸೆಕೆಂಡಿನಲ್ಲಿ ಏನು ಮಾಡುತ್ತೀರಿ ಅನ್ನುವುದರ ಮೇಲೆ ಬೌಂಟಿ ಎಷ್ಟು ಬೆಳೆಯುತ್ತದೆ ಅನ್ನುವುದು ನಿಂತಿದೆ.

ಇನ್ನು ನಿಮ್ಮ ಫ್ರೆಂಡ್ಸ್ ಮಾತು. ಅವರು ಸುಮ್ನೆ ಹೇಳುತ್ತಿಲ್ಲ. ಬೇರೆ ಆಟಗಳಲ್ಲಿ ನಿಜವಾಗಿದ್ದನ್ನೇ ಇಲ್ಲಿಗೆ ತಂದು ಹೇಳುತ್ತಿದ್ದಾರೆ.

ನೋಡಿದವರನ್ನು ಮುಗಿಸು ಅನ್ನುವುದು 2011ರ ಸ್ಕೈರಿಮ್‌ನಲ್ಲಿ ನಿಜ. ಅಲ್ಲಿ ಒಂಬತ್ತು ಪ್ರಾಂತ್ಯಗಳು, ಒಂದೊಂದಕ್ಕೂ ಬೇರೆ ಬೌಂಟಿ. ಹಲ್ಲೆಗೆ 40, ಕೊಲೆಗೆ 1000 ಚಿನ್ನದ ನಾಣ್ಯ. ನೋಡಿದವರಲ್ಲಿ ಕೊನೆಯವನೂ ಸತ್ತರೆ ಬೌಂಟಿ ತೆಗೆಯಲಾಗಿದೆ ಅಂತ ತೆರೆಯ ಮೇಲೇ ಬರುತ್ತದೆ. ರೆಡ್ ಡೆಡ್‌ನಲ್ಲಿ ದೂರು ಹೋದ ಮೇಲೆ ಯಾರನ್ನು ಕೊಂದರೂ ಬೌಂಟಿ ಇಳಿಯುವುದಿಲ್ಲ. ದೂರು ಹೋಗುವ ಮೊದಲು ಕೊಂದರೆ ಆ ದೂರು ನಿಲ್ಲುತ್ತದೆ, ನಿಜ. ಆದರೆ ಬಂದೂಕಿನ ಸದ್ದು ಇನ್ನೊಬ್ಬನ ಕಿವಿಗೆ ಬೀಳುತ್ತದೆ. ಬಿದ್ದಿರುವ ಹೆಣವನ್ನು ಮತ್ತೊಬ್ಬ ನೋಡುತ್ತಾನೆ. ಒಂದು ಹಲ್ಲೆಯನ್ನು ಮುಚ್ಚಲು ಹೋಗಿ ಎರಡು ಕೊಲೆ ಮೈಮೇಲೆ ಬರುತ್ತದೆ. ಆನರ್ ಕೂಡ ಕುಸಿಯುತ್ತದೆ. ಒಳ್ಳೆಯವನಾಗಿ ಆಡಬೇಕು ಅನ್ನುವ ನಿಮಗೆ ಇದು ಬೇಡವೇ ಬೇಡ. ಸಾಕ್ಷಿಯನ್ನು ನಿಲ್ಲಿಸಲೇಬೇಕು ಅಂದರೆ ಅವನ ಹಿಂದೆ ಹೋಗಿ, ಎಲ್2 ಹಿಡಿದು, ಬಾಯಿ ಬಿಡಬೇಡ ಅಂತ ಹೆದರಿಸುವ ಆಯ್ಕೆ ಇದೆ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಆದರೆ ಇದು ಖಾಲಿ ರಸ್ತೆಯಲ್ಲಿ, ಒಬ್ಬನೇ ನೋಡಿದ್ದಾಗ ಮಾತ್ರ. ಸೇಂಟ್ ಡೆನಿಸ್ ಪೇಟೆಯಲ್ಲಿ ಹತ್ತು ಜನ ನೋಡಿರುವಾಗ ಒಬ್ಬನ ಹಿಂದೆ ಓಡಿ ಏನೂ ಪ್ರಯೋಜನವಿಲ್ಲ.

ಕಾದರೆ ಹೋಗುತ್ತೆ ಅನ್ನುವುದು ಜಿಟಿಎ ಮಾತು. ಸೈಬರ್ ಕೆಫೆಯಲ್ಲಿ ವೈಸ್ ಸಿಟಿ ಆಡಿ ಬೆಳೆದ ತಲೆಮಾರಿಗೆ ಇದು ರಕ್ತದಲ್ಲೇ ಇದೆ. ಪೇಂಟ್ ಅಂಗಡಿಗೆ ಕಾರು ನುಗ್ಗಿಸು, ಬಣ್ಣ ಬದಲಾಗುತ್ತೆ, ಪೊಲೀಸರು ಎಷ್ಟು ಹಿಂದೆ ಬಿದ್ದಿದ್ದಾರೆ ಅಂತ ತೋರಿಸುವ ಸ್ಟಾರ್‌ಗಳು ಹೋಗುತ್ತವೆ. 2013ರ ಜಿಟಿಎ 5ರಲ್ಲೂ ಪೊಲೀಸರ ಕಣ್ಣಿಗೆ ಬೀಳದೆ ಸ್ವಲ್ಪ ಹೊತ್ತು ಅಡಗಿದರೆ ಆಯಿತು, ಐದು ಸ್ಟಾರ್ ಇದ್ದರೂ ಅಳಿಸಿಹೋಗುತ್ತದೆ, ಆಮೇಲೆ ಯಾರಿಗೂ ನೆನಪಿರುವುದಿಲ್ಲ. ರೆಡ್ ಡೆಡ್‌ನಲ್ಲಿ ಕಾದರೆ ಹೋಗುವುದು ವಾಂಟೆಡ್ ಮಾತ್ರ. ಬೌಂಟಿ ಹೋಗುವುದಿಲ್ಲ.

ಮುಖಕ್ಕೆ ಬಟ್ಟೆಯ ವಿಷಯ ಸ್ವಲ್ಪ ಬೇರೆ, ಅದು ಅರ್ಧ ನಿಜ. 2006ರ ಆಬ್ಲಿವಿಯನ್‌ನಲ್ಲಿ ಒಂದು ಮುಸುಕು ಇದೆ. ಅದನ್ನು ಹಾಕಿಕೊಂಡರೆ ನೀವು ಬೇರೆಯೇ ಮನುಷ್ಯ, ಅವನ ಬೌಂಟಿಯೂ ಬೇರೆ. ರೆಡ್ ಡೆಡ್‌ನ ಬಟ್ಟೆಗೆ ಅಷ್ಟು ಶಕ್ತಿ ಇಲ್ಲ. ಅಪರಾಧಕ್ಕೆ ಮೊದಲೇ ಕಟ್ಟಿಕೊಂಡರೆ ನಿಮ್ಮನ್ನು ಗುರುತಿಸುವುದು ತಡವಾಗುತ್ತದೆ. ಗುರುತಿಸುವ ಮೊದಲೇ ತಪ್ಪಿಸಿಕೊಂಡರೆ ಹೆಸರು ಉಳಿಯುತ್ತದೆ. ಪೊಲೀಸರು ಹತ್ತಿರ ಬಂದು ನೋಡಿದರೆ ಬಟ್ಟೆ ಇದ್ದರೂ ಗುರುತು ಸಿಗುತ್ತದೆ. ಹಿಡಿದಾದ ಮೇಲೆ, ಜನ ನೋಡಿಯಾದ ಮೇಲೆ ಕಟ್ಟಿಕೊಂಡರೆ ಉಪಯೋಗ ಕಡಿಮೆ. ಇದು ಯೋಜನೆ ಹಾಕಿ ರೈಲು ದೋಚುವವರಿಗೆ, ಕುದುರೆ ಹತ್ತಲು ಹೋಗಿ ಎಡವಿದವರಿಗಲ್ಲ.

ಹಾಗಾದರೆ ಆ ಹತ್ತು ಸೆಕೆಂಡಿನಲ್ಲಿ ಏನು ಮಾಡಬಹುದಿತ್ತು? ಮೊದಲ ದಾರಿ, ಬಟನ್‌ನಿಂದ ಕೈ ತೆಗೆದು, ಬಂದೂಕು ಒಳಗಿಟ್ಟು, ಎಲ್2 ಹಿಡಿದು ಸಮಾಧಾನ ಮಾಡುವ ಆಯ್ಕೆ ಒತ್ತುವುದು. ಸಣ್ಣ ತಳ್ಳಾಟ, ಕುದುರೆ ಡಿಕ್ಕಿ ಇಂಥವು ಎಷ್ಟೋ ಸಲ ಅಲ್ಲೇ ತಣ್ಣಗಾಗುತ್ತವೆ. ಆದರೆ ಜಗಳ ಜೋರಾಗಿದ್ದರೆ ಮಾತು ನಡೆಯುವುದಿಲ್ಲ.

ಎರಡನೇ ದಾರಿ ಶರಣಾಗುವುದು. ಪೊಲೀಸರು ಬಂದಾಗ ಆಯುಧ ಹಿಡಿಯದೆ ನಿಂತರೆ ಶರಣಾಗುವ ಆಯ್ಕೆ ತೆರೆಯ ಮೇಲೆ ಕಾಣುತ್ತದೆ. ಆರ್ಥರ್ ಕೈ ಎತ್ತುತ್ತಾನೆ, ಜೈಲಿಗೆ ಹೋಗುತ್ತಾನೆ, ಬೌಂಟಿಯ ಹಣ ಅವನ ಜೇಬಿನಿಂದಲೇ ಕಡಿತವಾಗುತ್ತದೆ, ಆಟದೊಳಗಿನ ಒಂದಿಷ್ಟು ಸಮಯ ಕಳೆಯುತ್ತದೆ, ಹೊರಗೆ ಬರುತ್ತಾನೆ. ಹೆಚ್ಚಿನ ಆಟಗಾರರು ಇದನ್ನು ಒಂದು ಸಲವೂ ಬಳಸುವುದಿಲ್ಲ. ಜೈಲು ಅಂದರೆ ಸೋಲು ಅಂತ ಅವರಿಗೆ ಅನಿಸುತ್ತದೆ. ನನ್ನ ಪ್ರಕಾರ ಸಣ್ಣ ಅಪರಾಧಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಚಿಲ್ಲರೆ ಡಾಲರ್‌ಗಳಲ್ಲಿ ಮುಗಿಯುತ್ತದೆ. ಯಾರೂ ಸಾಯುವುದಿಲ್ಲ. ಅಪಾಯ ಒಂದೇ. ಅಪರಾಧ ದೊಡ್ಡದಾಗಿದ್ದು ಪೊಲೀಸರು ಆಗಲೇ ಗುಂಡು ಹಾರಿಸುತ್ತಿದ್ದರೆ ಈ ಬಾಗಿಲು ಮುಚ್ಚಿರುತ್ತದೆ. ಆಗ ಕೈ ಎತ್ತಲು ನಿಂತರೆ ಸಾಯುತ್ತೀರಿ.

ಮೂರನೇ ದಾರಿ ಓಡುವುದು. ಓಡಲೇಬೇಕಾದರೆ ಸರಿಯಾಗಿ ಓಡಿ. ಪೊಲೀಸರು ಹುಡುಕುವುದು ನಿಮ್ಮನ್ನು ಕೊನೆಯ ಸಲ ನೋಡಿದ ಜಾಗದ ಸುತ್ತ. ಕೆಂಪು ವಲಯ ಅಂದರೆ ಅದೇ. ಪ್ರತಿ ಸಲ ಯಾರಾದರೂ ನೋಡಿದಾಗ ಆ ವಲಯ ನಿಮ್ಮ ಜೊತೆಗೇ ಬರುತ್ತದೆ. ಹಾಗಾಗಿ ಮುಖ್ಯ ರಸ್ತೆಯಲ್ಲಿ ಜೋರಾಗಿ ಹೋಗುವುದಕ್ಕಿಂತ ಮೊದಲ ತಿರುವಿನಲ್ಲಿ ಕಣ್ಮರೆಯಾಗುವುದು ಮುಖ್ಯ. ಗಲ್ಲಿಗೆ ತಿರುಗಿ, ಗೋಡೆ ಮರೆ ಹಿಡಿದು, ರಸ್ತೆ ಬಿಟ್ಟು ಮರಗಳ ಕಡೆಗೆ ಹೋಗಿ. ತಿರುಗಿ ಗುಂಡು ಹಾರಿಸಬೇಡಿ, ಆ ಸದ್ದೇ ನಿಮ್ಮ ಜಾಗ ಹೇಳುತ್ತದೆ. ವಲಯದ ಹೊರಗೆ ಬಂದ ಮೇಲೆ ತೆರೆಯ ಮೇಲಿನ ವಾಂಟೆಡ್ ಬಾರ್ ನಿಧಾನವಾಗಿ ಇಳಿಯುತ್ತದೆ. ಪೂರ್ತಿ ಇಳಿಯುವವರೆಗೆ ಅಂಗಡಿಗೆ ಹೋಗಬೇಡಿ, ಕ್ಯಾಂಪ್ ಹಾಕಲು ನೋಡಬೇಡಿ. ಎರಡೂ ಆಗುವುದಿಲ್ಲ.

ಇನ್ನು ನಿಮ್ಮ ಲೆಮೊಯ್ನ್ ಬೌಂಟಿ. ಅದು ಲೆಮೊಯ್ನ್‌ನಲ್ಲಿ ಮಾತ್ರ ಯಾಕಿದೆ ಅನ್ನುವುದನ್ನು ತಿಳಿದುಕೊಂಡರೆ ಕಳೆದುಕೊಳ್ಳುವುದು ಸುಲಭ.

ಆಟದ ಕಾಲ 1899. ಆಗಿನ ಅಮೆರಿಕದಲ್ಲಿ ಶೆರಿಫ್ ಅನ್ನುವ ಪೊಲೀಸ್ ಅಧಿಕಾರಿಯ ಅಧಿಕಾರ ಅವನ ಕೌಂಟಿಗೆ, ಅಂದರೆ ಜಿಲ್ಲೆಗಷ್ಟೇ. ಗಡಿ ದಾಟಿದರೆ ಅವನ ಕೈ ಕಟ್ಟಿದ ಹಾಗೆ. ದೂರು ಕೊಡಲು ಹೋದರೆ ಇದು ನಮ್ಮ ಸ್ಟೇಷನ್ ಲಿಮಿಟ್ಸಿಗೆ ಬರಲ್ಲ ಅಂತ ನಮ್ಮಲ್ಲೂ ಹೇಳುತ್ತಾರಲ್ಲ, ಅದೇ ಕಥೆ. ದರೋಡೆಕೋರರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದೇ 1899ರ ಜೂನ್ 2ರಂದು ವಯೋಮಿಂಗ್‌ನ ವಿಲ್ಕಾಕ್ಸ್ ಹತ್ತಿರ ವೈಲ್ಡ್ ಬಂಚ್ ಅನ್ನುವ ಗ್ಯಾಂಗ್ ಯೂನಿಯನ್ ಪೆಸಿಫಿಕ್ ರೈಲು ದೋಚಿತು. ಬೆನ್ನಟ್ಟಿ ಹೋದವರಲ್ಲಿ ಶೆರಿಫ್ ಜೊಸಾಯ ಹೇಜನ್ ಗುಂಡಿಗೆ ಬಲಿಯಾದ. ಊರೂರಿನ ಶೆರಿಫ್‌ಗಳಿಂದ ಆಗದ ಇಂಥ ಕೆಲಸಕ್ಕೆ ರೈಲ್ವೆ ಕಂಪನಿಗಳು ಪಿಂಕರ್ಟನ್ ಪತ್ತೇದಾರರನ್ನು ಹಿಡಿಯುತ್ತಿದ್ದವು. ಆಲನ್ ಪಿಂಕರ್ಟನ್ ಶಿಕಾಗೋದಲ್ಲಿ 1850ರಲ್ಲಿ ಕಟ್ಟಿದ ಖಾಸಗಿ ಸಂಸ್ಥೆ ಅದು. ಅವರಿಗೆ ಗಡಿಯ ಹಂಗಿರಲಿಲ್ಲ. ವೈಲ್ಡ್ ಬಂಚ್‌ನ ಬುಚ್ ಕ್ಯಾಸಿಡಿ ಮತ್ತು ಸನ್‌ಡಾನ್ಸ್ ಕಿಡ್ 1901ರಲ್ಲಿ ದೇಶವನ್ನೇ ಬಿಟ್ಟು ಅರ್ಜೆಂಟೀನಾಗೆ ಹೋದರು. ನಿಮ್ಮ ಆಟದಲ್ಲಿ ಬರುವ ಏಜೆಂಟ್ ಮಿಲ್ಟನ್ ಪಿಂಕರ್ಟನ್‌ನವನೇ. ಆ ಸಂಸ್ಥೆ ಈಗಲೂ ಇದೆ. ಆಟದಲ್ಲಿ ತಮ್ಮ ಹೆಸರು ಬಳಸಿದ್ದಕ್ಕೆ ಅವರು ಆಕ್ಷೇಪ ಎತ್ತಿದ್ದರು. 2019ರಲ್ಲಿ ವಿಷಯ ಕೋರ್ಟಿಗೆ ಹೋಗಿ ಅದೇ ವರ್ಷ ಮುಗಿಯಿತು.

ಆಟದಲ್ಲಿ ಕೌಂಟಿಯ ಬದಲು ರಾಜ್ಯ ಇಟ್ಟಿದ್ದಾರೆ. ಲೆಮೊಯ್ನ್ ಬೌಂಟಿಗೆ ಪಕ್ಕದ ರಾಜ್ಯ ನ್ಯೂ ಹ್ಯಾನೋವರ್‌ನಲ್ಲಿ ಬೆಲೆ ಇಲ್ಲ. ಬೌಂಟಿ ಹಂಟರ್‌ಗಳು ನಿಮಗೆ ಯಾವಾಗಲೂ ಸಿಗುತ್ತಿರುವುದಕ್ಕೂ ಇದೇ ಕಾರಣ. ನಾಲ್ಕನೇ ಅಧ್ಯಾಯದಲ್ಲಿ ನಿಮ್ಮ ಗ್ಯಾಂಗಿನ ಬಿಡಾರ ಶೇಡಿ ಬೆಲ್‌ನಲ್ಲಿದೆ, ಅದು ಇರುವುದೇ ಲೆಮೊಯ್ನ್‌ನಲ್ಲಿ. ನೀವು ಕ್ಯಾಂಪಿನಿಂದ ಕಾಲಿಟ್ಟರೆ ಬೌಂಟಿ ಇರುವ ನೆಲದ ಮೇಲೇ ಇರುತ್ತೀರಿ.

ಹಣ ಕಟ್ಟುವುದು ರೈಲ್ವೆ ಸ್ಟೇಷನ್ನಿನ ಅಂಚೆ ಕೌಂಟರಿನಲ್ಲಿ. ಯಾವ ರಾಜ್ಯದ ಬೌಂಟಿಯನ್ನು ಯಾವ ಸ್ಟೇಷನ್ನಿನಲ್ಲಿ ಬೇಕಾದರೂ ಕಟ್ಟಬಹುದು. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಸೇಂಟ್ ಡೆನಿಸ್ ಸ್ಟೇಷನ್ನಿಗೆ ಹೋದರೆ ದಾರಿಯಲ್ಲಿ ಪೊಲೀಸರು ಗುರುತಿಸಬಹುದು, ಮತ್ತೆ ಅದೇ ರಾಮಾಯಣ. ರೋಡ್ಸ್ ಅನ್ನುವ ಊರು ಸ್ವಲ್ಪ ಶಾಂತ, ಆದರೆ ಅದೂ ಲೆಮೊಯ್ನ್. ನಾನಾಗಿದ್ದರೆ ಉತ್ತರಕ್ಕೆ ಹೋಗಿ ಗಡಿ ದಾಟಿ ನ್ಯೂ ಹ್ಯಾನೋವರ್‌ನ ಎಮರಾಲ್ಡ್ ರ‍್ಯಾಂಚ್ ಸ್ಟೇಷನ್ನಿನಲ್ಲಿ ಕಟ್ಟುತ್ತೇನೆ. ನಿಮ್ಮ ಹತ್ತಿರ ಹಣ ಕಡಿಮೆ ಇದ್ದರೆ ಅಲ್ಲಿ ಇನ್ನೊಂದು ಅನುಕೂಲ ಇದೆ. ಕದ್ದ ಮಾಲು ಕೊಳ್ಳುವ ಫೆನ್ಸ್ ಅಲ್ಲೇ ಕೊಟ್ಟಿಗೆಯ ಹತ್ತಿರ ಸಿಗುತ್ತಾನೆ. ಚೀಲದಲ್ಲಿ ಸೇರಿಕೊಂಡಿರುವ ಗಡಿಯಾರ, ಉಂಗುರ, ಬೆಲ್ಟ್ ಬಕಲ್ ಎಲ್ಲ ಅವನಿಗೆ ಮಾರಿ, ಆ ಹಣವನ್ನೇ ಕೌಂಟರಿನಲ್ಲಿ ಕಟ್ಟಿ. ದಾರಿಯಲ್ಲಿ ಬೌಂಟಿ ಹಂಟರ್‌ಗಳು ಬರುತ್ತಿದ್ದಾರೆ ಅನ್ನುವ ಸೂಚನೆ ಕಂಡರೆ ನಿಂತು ಹೋರಾಡುವ ಹಟ ಬೇಡ, ರಸ್ತೆ ಬಿಟ್ಟು ಮುಂದೆ ಹೋಗುತ್ತಿರಿ.

ಪೂರ್ತಿ ಹಣ ಇಲ್ಲವೇ ಇಲ್ಲ ಅಂದರೆ ನ್ಯೂ ಹ್ಯಾನೋವರ್‌ನಲ್ಲೇ ಉಳಿದು ಬೇಟೆ ಆಡಿ, ಚರ್ಮ ಮಾಂಸ ಅಲ್ಲಿನ ವ್ಯಾಲೆಂಟೈನ್ ಊರಿನ ಕಟುಕನ ಹತ್ತಿರ ಮಾರಿ ಕೂಡಿಸಿಕೊಳ್ಳಿ. ಬೌಂಟಿ ಇಟ್ಟುಕೊಂಡೇ ಆಟ ಮುಂದುವರಿಸುವುದೂ ಒಂದು ಆಯ್ಕೆಯೇ, ಕಥೆ ನಿಲ್ಲುವುದಿಲ್ಲ. ಆದರೆ ಮೊತ್ತ ಹೆಚ್ಚಿದ್ದಷ್ಟೂ ಹಂಟರ್‌ಗಳ ಕಾಟ ಜಾಸ್ತಿ. ರಾತ್ರಿ ಒಂದೆರಡು ಗಂಟೆ ಆಡುವ ನಿಮಗೆ ಅದರಲ್ಲೇ ಅರ್ಧ ಸಮಯ ಹೋಗುತ್ತದೆ.

ಆನರ್ ಬಗ್ಗೆ ನಿಮಗಿರುವ ಭಯವನ್ನು ಬಿಟ್ಟುಬಿಡಿ. ಒಂದು ಗುಂಡಿನ ಕಾಳಗದಿಂದ ಅದು ತಳಕ್ಕೆ ಹೋಗುವುದಿಲ್ಲ. ಒಂದು ಕಡೆ ಕೆಂಪು, ಇನ್ನೊಂದು ಕಡೆ ಬಿಳಿ ಇರುವ ಪಟ್ಟಿಯಲ್ಲಿ ಗುರುತು ಎಲ್ಲಿದೆ ನೋಡಿಕೊಳ್ಳಿ. ಅದನ್ನು ಬಿಳಿ ಕಡೆಗೆ ತಳ್ಳುವ ಕೆಲಸಗಳು ಸಣ್ಣ ಸಣ್ಣವು. ದಾರಿಯಲ್ಲಿ ಸಿಕ್ಕವರನ್ನು ಮಾತಾಡಿಸುವುದು, ಕ್ಯಾಂಪಿನಲ್ಲಿ ಸೌದೆ ಸೀಳುವುದು, ನೀರಿನ ಬಕೆಟ್ ಹೊರುವುದು, ಕ್ಯಾಂಪಿನ ಪೆಟ್ಟಿಗೆಗೆ ಹಣ ಹಾಕುವುದು, ಹಿಡಿದ ಮೀನನ್ನು ನೀರಿಗೇ ಬಿಡುವುದು. ಹಾವು ಕಚ್ಚಿಸಿಕೊಂಡು ರಸ್ತೆ ಬದಿ ಬಿದ್ದವನು ಸಿಕ್ಕರೆ ವಿಷ ಹೀರಿ ತೆಗೆಯಿರಿ. ಅವನು ಮುಂದೆ ವ್ಯಾಲೆಂಟೈನ್‌ನ ಬಂದೂಕಿನ ಅಂಗಡಿ ಮುಂದೆ ಕೂತಿರುತ್ತಾನೆ, ನಿಮ್ಮ ಗುರುತು ಹಿಡಿದು ಅಂಗಡಿಯಿಂದ ಬೇಕಾದ್ದು ತಗೋ, ನಾನು ಕೊಡ್ತೀನಿ ಅನ್ನುತ್ತಾನೆ. ಈ ಇಡೀ ಆಟದಲ್ಲಿ ನನಗೆ ತುಂಬಾ ಇಷ್ಟವಾದ ಜಾಗಗಳಲ್ಲಿ ಅದೂ ಒಂದು. ಆನರ್ ಮೇಲೇರಿದ ಹಾಗೆ ಅಂಗಡಿಗಳಲ್ಲಿ ರಿಯಾಯಿತಿಯೂ ಸಿಗುತ್ತದೆ. ನಿಮ್ಮ ಮುಂದೆ ಇನ್ನೂ ಅಧ್ಯಾಯಗಳಿವೆ. ಒಳ್ಳೆಯವನಾಗಲು ಆರ್ಥರ್‌ಗೆ ಸಿಗುವ ಅವಕಾಶಗಳಲ್ಲಿ ಮುಖ್ಯವಾದವು ಬರುವುದೇ ಮುಂದೆ.

ಮುಂದಿನ ಸಲ ಸೇಂಟ್ ಡೆನಿಸ್‌ಗೆ ಹೋಗುವಾಗ ಸೇತುವೆ ದಾಟುವ ಮೊದಲೇ ಬಂದೂಕು ಒಳಗಿಡಿ. ಊರೊಳಗೆ ಎಕ್ಸ್ ಬಟನ್ ಒತ್ತಿ ಕುದುರೆ ಓಡಿಸಬೇಡಿ, ನಡೆಸಿಕೊಂಡು ಹೋಗಿ. ಟ್ರಾಮ್ ಹಳಿ ಇರುವ ಬೀದಿಗಳಲ್ಲಿ ಜನ ಸಡನ್ನಾಗಿ ಅಡ್ಡ ಬರುತ್ತಾರೆ. ಇಳಿದ ಮೇಲೆ ಕುದುರೆಯನ್ನು ಜನ ಕಡಿಮೆ ಇರುವ ಕಡೆ ಕಂಬಕ್ಕೆ ಕಟ್ಟಿ. ಮತ್ತೆ ಹತ್ತುವಾಗ ಓಡಬೇಡಿ. ಕುದುರೆಯ ಪಕ್ಕಕ್ಕೆ ನಡೆದು ಬಂದು, ತೆರೆಯ ಕೆಳಗೆ ಬಲಗಡೆ ಕುದುರೆ ಹತ್ತುವ ಸೂಚನೆ ಬಂದಿದೆಯಾ ಅಂತ ಓದಿ, ಆಮೇಲೆ ಒತ್ತಿ. ಒಂದು ಸೆಕೆಂಡ್ ತಡ ಆಗುತ್ತೆ, ಅಷ್ಟೇ ಅಲ್ವಾ?

ಕೊನೆಗೆ ಬ್ಲ್ಯಾಕ್‌ವಾಟರ್. ಅದಕ್ಕೂ ನಿಮ್ಮ ಎಡವಟ್ಟಿಗೂ ಏನೂ ಸಂಬಂಧವಿಲ್ಲ. ಕಥೆ ಶುರುವಾಗುವ ಮೊದಲೇ ಆರ್ಥರ್‌ನ ನಾಯಕ ಡಚ್‌ನ ಗ್ಯಾಂಗ್ ಅಲ್ಲಿ ದರೋಡೆಗೆ ಹೋಗಿ ಕೆಟ್ಟು ಓಡಿಬಂದಿದೆ. ಗ್ಯಾಂಗಿನ ಪುಟ್ಟ ಹುಡುಗ ಜ್ಯಾಕ್‌ನನ್ನು ಮೀನು ಹಿಡಿಯಲು ಕರೆದುಕೊಂಡು ಹೋದಾಗ ಮಿಲ್ಟನ್ ಬಂದು ಆರ್ಥರ್ ತಲೆಗೆ 5000 ಡಾಲರ್ ಅಂದನಲ್ಲ, ಅದು ಇದೇ ಲೆಕ್ಕ. ಅದನ್ನು ಯಾವ ಕೌಂಟರಿನಲ್ಲೂ ಕಟ್ಟಲು ಆಗುವುದಿಲ್ಲ. ಬ್ಲ್ಯಾಕ್‌ವಾಟರ್‌ನಂತೆ ವೆಸ್ಟ್ ಎಲಿಜಬೆತ್ ರಾಜ್ಯದಲ್ಲೇ ಇರುವ ಸ್ಟ್ರಾಬೆರಿ ಊರಿನ ಕಡೆಗೆ ನೀವು ಧಾರಾಳವಾಗಿ ಹೋಗಬಹುದು. ಬ್ಲ್ಯಾಕ್‌ವಾಟರ್ ಸುತ್ತಲಿನ ಬಯಲು ಮತ್ತು ನ್ಯೂ ಆಸ್ಟಿನ್ ರಾಜ್ಯ ಮಾತ್ರ ಮುಚ್ಚಿವೆ. ಅಲ್ಲಿ ಎಷ್ಟು ಹುಷಾರಾಗಿ ಹೋದರೂ ಆಟ ನಿಮ್ಮನ್ನು ಉಳಿಯಲು ಬಿಡುವುದಿಲ್ಲ. ನ್ಯೂ ಆಸ್ಟಿನ್‌ನಲ್ಲಂತೂ ಎಲ್ಲಿಂದ ಬಂತು ಅಂತ ಕಾಣದ ಗುಂಡಿಗೆ ಸಾಯುತ್ತೀರಿ. ಆ ನೆಲವನ್ನು ಕಥೆ ಬೇರೆ ಹೊತ್ತಿಗೆ ಇಟ್ಟುಕೊಂಡಿದೆ. ಮುಖ್ಯ ಕಥೆ ಮುಗಿದು ಎಪಿಲಾಗ್, ಅಂದರೆ ಕೊನೆಯ ಉಪಸಂಹಾರದ ಭಾಗ ಬಂದಾಗ ದಾರಿ ತಾನಾಗಿಯೇ ತೆರೆಯುತ್ತದೆ. ಅಲ್ಲಿಯವರೆಗೆ ಆ ಕಡೆ ಹೋಗಿ ಕುದುರೆ ಕಳೆದುಕೊಳ್ಳಬೇಡಿ.